ಶಸ್ತ್ರ, ಶಬ್ದ ಮತ್ತು ಅಸ್ಮಿತೆ: ಸಿಖ್ ಸಮರ ಪರಂಪರೆಯನ್ನು ಕುರಿತ ಕೆಲವು ಪ್ರಶ್ನೆಗಳು

1

ಸಿಖ್ ಸಮುದಾಯವನ್ನು ಕುರಿತ ಕನ್ನಡದ ಮಾತುಕತೆ ಬಹುಮಟ್ಟಿಗೆ ಒಂದು ಚಿತ್ರದಿಂದ ಆರಂಭವಾಗಿ ಅದೇ ಚಿತ್ರದಲ್ಲಿ ಕೊನೆಗೊಳ್ಳುತ್ತದೆ. ಪೇಟ ಸುತ್ತಿ, ಗಡ್ಡ ಬಿಟ್ಟು, ಸೊಂಟದಲ್ಲಿ ಕಿರ್ಪಾನ್ ಧರಿಸಿದ ಯೋಧನ ಚಿತ್ರ ಅದು. ಶಾಲಾ ಪಠ್ಯಗಳು, ಸಿನಿಮಾಗಳು, ಗಣರಾಜ್ಯೋತ್ಸವದ ಪಥಸಂಚಲನಗಳು ಈ ಚಿತ್ರವನ್ನು ಮತ್ತೆ ಮತ್ತೆ ಮೂಡಿಸಿ ಗಟ್ಟಿಗೊಳಿಸಿವೆ. ‘ಸಿಖ್ಖರು ಹುಟ್ಟಿನಿಂದಲೇ ಯೋಧರು’ ಎಂಬ ಹೇಳಿಕೆ ಮೇಲ್ನೋಟಕ್ಕೆ ಮೆಚ್ಚುಗೆಯಾಗಿ ಕೇಳಿಸುತ್ತದೆ. ಆದರೆ ಒಂದು ಸಮುದಾಯವನ್ನು ಒಂದೇ ಗುಣಕ್ಕೆ ಇಳಿಸುವ ಮೆಚ್ಚುಗೆಗೂ, ಅದೇ ಗುಣವನ್ನು ಮುಂದಿಟ್ಟುಕೊಂಡು ಆ ಸಮುದಾಯವನ್ನು ಶಂಕಿಸುವ ದ್ವೇಷಕ್ಕೂ ನಡುವಿನ ಅಂತರ ತೀರ ಕಡಿಮೆ. ವೀರನೆಂದು ಹೊಗಳಿಸಿಕೊಂಡವನೇ ಕಾಲ ಬದಲಾದಾಗ ಅಪಾಯಕಾರಿಯೆಂದು ಗುರುತಿಸಲ್ಪಡುತ್ತಾನೆ. ಎರಡೂ ಸಂದರ್ಭಗಳಲ್ಲಿ ಅವನನ್ನು ಗುರುತಿಸಲು ಬಳಕೆಯಾಗುವ ಚಿಹ್ನೆಗಳು ಮಾತ್ರ ಒಂದೇ.

ಈ ಚಿತ್ರವನ್ನು ಪ್ರಶ್ನಿಸುವುದಕ್ಕೆ ಬೇಕಾದ ಮೊದಲ ಆಧಾರ ಕನ್ನಡ ನಾಡಿನಲ್ಲಿಯೇ ಇದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಅವರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ, ತಲೆಯೊಪ್ಪಿಸಲು ಸಿದ್ಧರಾಗಿ ಸಭೆಯಿಂದ ಎದ್ದುಬಂದ ಐವರಲ್ಲಿ ಒಬ್ಬರು ಬೀದರಿನವರು. ಸಿಖ್ ಪರಂಪರೆ ಅವರನ್ನು ಭಾಯಿ ಸಾಹಿಬ್ ಸಿಂಗ್ ಎಂದು ಸ್ಮರಿಸುತ್ತದೆ. ಅವರು ಕ್ಷೌರಿಕ ಕುಲದವರೆಂದೂ ಅದೇ ಪರಂಪರೆ ಹೇಳುತ್ತದೆ. ಉಳಿದ ನಾಲ್ವರಲ್ಲಿ ಲಾಹೋರಿನ ದಯಾ ಸಿಂಗ್ ಖತ್ರಿ, ಹಸ್ತಿನಾಪುರದ ಧರಮ್ ಸಿಂಗ್ ಜಾಟ, ಜಗನ್ನಾಥ ಪುರಿಯ ಹಿಮ್ಮತ್ ಸಿಂಗ್ ನೀರು ಹೊರುವ ಕುಲದವರು, ದ್ವಾರಕೆಯ ಮೊಹಕಮ್ ಸಿಂಗ್ ಬಟ್ಟೆಗೆ ಅಚ್ಚು ಹಾಕುವ ಕುಲದವರು. ಈ ಐವರ ಊರು ಮತ್ತು ಕುಲಗಳ ವಿವರಗಳನ್ನು ಪರಂಪರೆ ಜೋಪಾನವಾಗಿ ಕಾಪಾಡಿಕೊಂಡು ಬಂದಿರುವುದೇ ಅರ್ಥಪೂರ್ಣವಾದ ಸಂಗತಿ. ತನ್ನ ಮೊದಲ ಸೈನಿಕರು ಯುದ್ಧವನ್ನು ಕುಲವೃತ್ತಿಯಾಗಿ ಪಡೆದುಬಂದವರಲ್ಲ ಎಂಬುದನ್ನು ಈ ಪಂಥ ಮರೆಯಲು ಇಷ್ಟಪಟ್ಟಿಲ್ಲ.

ಹಾಗಿದ್ದಲ್ಲಿ, ಹುಟ್ಟಿನಿಂದ ಯೋಧರಲ್ಲದವರು ಕೂಡಿ ಕಟ್ಟಿದ ಪಂಥವು ‘ಹುಟ್ಟು ಯೋಧರ ಜನಾಂಗ’ವೆಂದು ಹೆಸರಾದದ್ದು ಹೇಗೆ? ಆ ಪಂಥದ ಶಸ್ತ್ರಾಭ್ಯಾಸ ಇಂದು ಕ್ರೀಡೆಯಾಗಿ, ಪ್ರದರ್ಶನವಾಗಿ, ನ್ಯಾಯಾಲಯದ ವಾದವಿಷಯವಾಗಿ ಒಡೆದುಕೊಂಡಿರುವಾಗ ಅದರ ಅಸ್ಮಿತೆಯನ್ನು ಎಲ್ಲಿ ಹುಡುಕಬೇಕು? ಪ್ರಸ್ತುತ ಲೇಖನದ ಕೇಂದ್ರದಲ್ಲಿರುವುದು ಈ ಎರಡು ಪ್ರಶ್ನೆಗಳು.

2

ಸಿಖ್ ಪರಂಪರೆಯಲ್ಲಿ ಶಸ್ತ್ರದ ಪ್ರವೇಶವನ್ನು ಒಂದು ತಿರುವಾಗಿ, ಅಂದರೆ ಗುರು ನಾನಕರ ಶಾಂತಿಯ ಮಾರ್ಗದಿಂದ ಗುರು ಗೋಬಿಂದ್ ಸಿಂಗ್ ಅವರ ಯುದ್ಧದ ಮಾರ್ಗಕ್ಕೆ ಆದ ಪಲ್ಲಟವಾಗಿ ವಿವರಿಸುವುದು ರೂಢಿ. ಈ ವಿವರಣೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಐದನೆಯ ಗುರು ಅರ್ಜನ್ ದೇವ್ ಅವರು 1606ರಲ್ಲಿ ಲಾಹೋರಿನಲ್ಲಿ ಹಿಂಸೆಗೊಳಗಾಗಿ ಪ್ರಾಣತೆತ್ತದ್ದು, ಒಂಬತ್ತನೆಯ ಗುರು ತೇಗ್ ಬಹಾದ್ದೂರ್ ಅವರನ್ನು 1675ರಲ್ಲಿ ದೆಹಲಿಯಲ್ಲಿ ಶಿರಚ್ಛೇದ ಮಾಡಿದ್ದು ಸಮುದಾಯದ ನಡೆಯನ್ನು ಆಳವಾಗಿ ಬದಲಿಸಿದವು. ಆದರೂ ‘ಪಲ್ಲಟ’ ಎಂಬ ಪದ ಒಳಗಿನ ನಿರಂತರತೆಯನ್ನು ಮರೆಮಾಡುತ್ತದೆ. ಗುರುಮುಖಿ ಲಿಪಿಗೆ ಒಂದು ವ್ಯವಸ್ಥಿತ ರೂಪ ಕೊಟ್ಟ ಕೀರ್ತಿಗೆ ಪಾತ್ರರಾದ ಎರಡನೆಯ ಗುರು ಅಂಗದ್ ದೇವ್ ಅವರೇ ಖಡೂರ್ ಸಾಹಿಬ್‌ನಲ್ಲಿ ಮಲ್ಲರ ಗರಡಿಯನ್ನು ನಡೆಸಿದರೆಂದು ಸಿಖ್ ಪರಂಪರೆ ನಂಬುತ್ತದೆ. ಒಬ್ಬರೇ ಗುರುವಿನ ಹೆಸರಿನೊಂದಿಗೆ ಅಕ್ಷರವೂ ಅಖಾಡವೂ ಸೇರಿಕೊಂಡಿರುವುದು ಕೇವಲ ಕಾಕತಾಳೀಯವಲ್ಲ.

ಆರನೆಯ ಗುರು ಹರಗೋಬಿಂದ್ ಅವರು ಮೀರಿ ಮತ್ತು ಪೀರಿ ಎಂಬ ಎರಡು ಖಡ್ಗಗಳನ್ನು ಧರಿಸಿದರು. ಒಂದು ಲೌಕಿಕ ಅಧಿಕಾರದ್ದು, ಇನ್ನೊಂದು ಆಧ್ಯಾತ್ಮಿಕ ಅಧಿಕಾರದ್ದು. ಅಮೃತಸರದಲ್ಲಿ ಹರಿಮಂದಿರದ ಎದುರಿಗೆ ಅಕಾಲ್ ತಖ್ತ್ ಎದ್ದು ನಿಂತಿತು. ಈ ವಾಸ್ತುವಿನ್ಯಾಸವನ್ನೇ ಒಂದು ಪಠ್ಯವಾಗಿ ಓದಬಹುದು. ಕೀರ್ತನೆಯ ಮನೆ ಸರೋವರದ ನಡುವೆ ಇದೆ, ಆಡಳಿತದ ಪೀಠ ದಡದಲ್ಲಿದೆ. ಎರಡೂ ಒಂದೇ ಆವರಣದಲ್ಲಿ ಪರಸ್ಪರ ಮುಖ ಮಾಡಿ ನಿಂತಿವೆ. ಒಂದು ಇನ್ನೊಂದರಲ್ಲಿ ಕರಗಿಲ್ಲ, ಒಂದನ್ನು ಬಿಟ್ಟು ಇನ್ನೊಂದು ನಿಂತಿಲ್ಲ.

ಖಾಲ್ಸಾದ ದೀಕ್ಷಾವಿಧಿಯಲ್ಲಿ ಈ ಸಂಬಂಧ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ನೀರು, ಆ ನೀರಿಗೆ ಸಕ್ಕರೆಯ ಬತ್ತಾಸು. ಅದನ್ನು ಎರಡಲಗಿನ ಖಂಡಾದಿಂದ ಕಲಕುತ್ತ ಐದು ಬಾಣಿಗಳನ್ನು ಪಠಿಸಲಾಗುತ್ತದೆ. ಲೋಹ, ಸಿಹಿ, ಶಬ್ದ ಇವು ಮೂರೂ ಕೂಡಿದಾಗ ಮಾತ್ರ ನೀರು ಅಮೃತವೆನಿಸುತ್ತದೆ. ಐವರಿಗೆ ದೀಕ್ಷೆ ಕೊಟ್ಟ ಗುರುವು ಮರುಕ್ಷಣವೇ ಆ ಐವರಿಂದ ತಾವೂ ದೀಕ್ಷೆ ಪಡೆದರೆಂಬ ನಿರೂಪಣೆ ಈ ವಿಧಿಯ ಮತ್ತೊಂದು ಮುಖ. ಶಸ್ತ್ರವನ್ನು ಕೈಗೆ ಕೊಟ್ಟವನು ಶಸ್ತ್ರ ಹಿಡಿದವರ ಮುಂದೆ ತಲೆಬಾಗುವ ಈ ಕ್ರಿಯೆ ಅಧಿಕಾರವನ್ನು ಒಬ್ಬ ವ್ಯಕ್ತಿಯಿಂದ ಬಿಡಿಸಿ ಸಂಗತದ ಕೈಗೆ ಒಪ್ಪಿಸುತ್ತದೆ. ಇಂದಿಗೂ ಗುರುದ್ವಾರಗಳಲ್ಲಿ ಗುರು ಗ್ರಂಥ ಸಾಹಿಬ್‌ನ ಮುಂದೆ ಶಸ್ತ್ರಗಳನ್ನು ಇರಿಸುವ ಪದ್ಧತಿಯಿದೆ. ಗುರುವಿನ ಪೀಠದಲ್ಲಿರುವುದು ಗ್ರಂಥ. ಶಸ್ತ್ರವಿರುವುದು ಅದರ ಪಾದದಲ್ಲಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ದಸಮ್ ಗ್ರಂಥದ ರಚನೆಗಳು ಈ ದೃಷ್ಟಿಯಿಂದ ವಿಶೇಷ ಆಸಕ್ತಿಯವು. ಅವುಗಳ ಕರ್ತೃತ್ವದ ಬಗೆಗೆ ವಿದ್ವಾಂಸರಲ್ಲಿಯೂ ಸಮುದಾಯದಲ್ಲಿಯೂ ದೀರ್ಘವಾದ ಚರ್ಚೆ ನಡೆದಿದೆ, ಇನ್ನೂ ನಡೆಯುತ್ತಿದೆ. ಅದೇನೇ ಇದ್ದರೂ ಆ ಸಂಕಲನದ ಭಾಷಾಬಾಹುಳ್ಯ ಗಮನಾರ್ಹ. ಹೆಚ್ಚಿನ ಭಾಗ ಬ್ರಜ್‌ನಲ್ಲಿದೆ, ಚಂಡೀ ದೀ ವಾರ್ ಪಂಜಾಬಿಯಲ್ಲಿದೆ, ಔರಂಗಜೇಬನಿಗೆ ಬರೆದ ಜಫರ್‌ನಾಮಾ ಪರ್ಶಿಯನ್ನಿನಲ್ಲಿದೆ. ಶಸ್ತ್ರ ನಾಮ ಮಾಲಾ ಎಂಬ ರಚನೆಯಲ್ಲಿ ಆಯುಧಗಳ ಹೆಸರುಗಳು ಒಗಟಿನ ರೂಪದಲ್ಲಿ ಬಿಚ್ಚಿಕೊಳ್ಳುತ್ತವೆ. ಆಯುಧವನ್ನು ಹಿಡಿಯುವವನು ಮೊದಲು ಅದರ ಹೆಸರನ್ನು ಬಿಡಿಸಬೇಕು. ಕೈಗಿಂತ ಮೊದಲು ನಾಲಗೆ ಪಳಗಬೇಕು ಎಂಬ ಒಂದು ಶಿಕ್ಷಣಕ್ರಮ ಇಲ್ಲಿ ಕಾಣುತ್ತದೆ. ಉಳಿದೆಲ್ಲ ಉಪಾಯಗಳು ಸೋತ ಮೇಲೆ ಮಾತ್ರ ಖಡ್ಗ ನ್ಯಾಯಸಮ್ಮತವೆಂಬ ಜಫರ್‌ನಾಮಾದ ನಿಲುವು ಈ ಶಿಕ್ಷಣದ ನೈತಿಕ ಎಲ್ಲೆಯನ್ನು ಗುರುತಿಸುತ್ತದೆ. ‘ಸಂತ-ಸಿಪಾಹಿ’ ಎಂಬ ಜೋಡುಪದದ ತೂಕ ಇರುವುದು ಇಲ್ಲಿ. ಆ ಜೋಡಿಯಲ್ಲಿ ಸಂತ ಮೊದಲು ಬರುತ್ತಾನೆ.

3

ಖಾಲ್ಸಾ ಸಿಖ್ಖರು ಧರಿಸುವ ಐದು ಲಾಂಛನಗಳ ಬಗೆಗೆ ಮಾತನಾಡುವಾಗ ಕಿರ್ಪಾನ್ ಒಂದೇ ಚರ್ಚೆಯ ಕೇಂದ್ರವಾಗುವುದುಂಟು. ಕೇಶ, ಕಂಘಾ, ಕಡಾ, ಕಛೇರಾ, ಕಿರ್ಪಾನ್ ಎಂಬ ಈ ಐದರಲ್ಲಿ ಆಯುಧ ಒಂದೇ. ಕೂದಲನ್ನು ಬಿಟ್ಟರೆ ಸಾಲದು, ಅದನ್ನು ಬಾಚಿ ಒಪ್ಪವಾಗಿಡಬೇಕು. ಆದ್ದರಿಂದ ಕೇಶದ ಜತೆಗೆ ಬಾಚಣಿಗೆ. ಕೈಗೆ ಬಲವಿದ್ದರೆ ಸಾಲದು, ಅದಕ್ಕೊಂದು ಕಟ್ಟು ಬೇಕು. ಆದ್ದರಿಂದ ಕಿರ್ಪಾನ್ ಜತೆಗೆ ಕಡಗ. ಬಿಡುವುದು ಮತ್ತು ಕಟ್ಟುವುದು, ಶಕ್ತಿ ಮತ್ತು ಸಂಯಮ ಜೋಡಿಯಾಗಿ ನಿಲ್ಲುವ ಈ ರಚನೆಯಿಂದ ಕಿರ್ಪಾನ್ ಒಂದನ್ನೇ ಹೊರತೆಗೆದು ಓದುವುದು, ಒಂದು ಪದ್ಯದಿಂದ ಒಂದು ಪದವನ್ನು ಕಿತ್ತು ಅರ್ಥ ಹೇಳಿದಂತೆ.

ಈ ಹಿನ್ನೆಲೆಯಲ್ಲಿ ಬೀದರಿನ ಸಾಹಿಬ್ ಸಿಂಗ್ ಅವರ ವೃತ್ತಾಂತ ಹೊಸ ಅರ್ಥ ಪಡೆಯುತ್ತದೆ. ಕೂದಲು ಕತ್ತರಿಸುವುದನ್ನೇ ಕುಲಕಸುಬಾಗಿ ಪಡೆದವರು ಕೂದಲನ್ನು ಎಂದೂ ಕತ್ತರಿಸದ ಪಂಥದ ಮೊದಲಿಗರಲ್ಲಿ ಒಬ್ಬರಾದರು. ಕ್ಷೌರಿಕನ ಕೈಯ ಉಕ್ಕು ಸಂತ-ಸಿಪಾಹಿಯ ಕೈಯ ಉಕ್ಕಾಗಿ ಬದಲಾಯಿತು. ಜಾತಿಯ ಗುರುತಾಗಿದ್ದ ಉಪಕರಣವನ್ನು ಕೆಳಗಿಟ್ಟು, ಜಾತಿಯನ್ನು ನಿರಾಕರಿಸುವ ಗುರುತನ್ನು ಧರಿಸುವ ಕ್ರಿಯೆ ಇದು. ‘ಸಿಂಗ್’ ಎಂಬ ಸಮಾನ ನಾಮಧೇಯವೂ ಇದೇ ಆಶಯದ್ದು. ಇಲ್ಲಿ ಶಸ್ತ್ರಧಾರಣೆಯ ಮೂಲ ಅರ್ಥ ಕಾದಾಟಕ್ಕಿಂತ ಮುಂಚಿನದು. ಶಸ್ತ್ರ ಹಿಡಿಯುವ ಹಕ್ಕು ಮೇಲ್ಕುಲದವರಿಗೆ ಮಾತ್ರ ಇದ್ದ ಸಮಾಜದಲ್ಲಿ ನೀರು ಹೊರುವವನಿಗೂ ಆ ಹಕ್ಕು ಸಿಕ್ಕಿತೆಂಬುದೇ ಅದರ ತಿರುಳು. 1675ರಲ್ಲಿ ಗುರು ತೇಗ್ ಬಹಾದ್ದೂರ್ ಅವರ ಶಿರಸ್ಸನ್ನು ದೆಹಲಿಯಿಂದ ಆನಂದಪುರಕ್ಕೆ ತಂದ ಭಾಯಿ ಜೈತಾ ಅವರು ಅಸ್ಪೃಶ್ಯರೆನಿಸಿಕೊಂಡ ಸಮುದಾಯದವರು. ಅವರೇ ಮುಂದೆ ಜೀವನ್ ಸಿಂಗ್ ಎಂಬ ಹೆಸರಿನಿಂದ ಖಾಲ್ಸಾದ ಯೋಧರಾದರು.

ಬೀದರಿನ ನೆಲದಲ್ಲಿ ನಿಂತು ನೋಡುವ ಕನ್ನಡ ಓದುಗನಿಗೆ ಇಲ್ಲಿ ಕಲ್ಯಾಣದ ನೆನಪು ಬರುವುದು ಸಹಜ. ಇಂದಿನ ಬೀದರ ಜಿಲ್ಲೆಯಲ್ಲಿಯೇ ಇರುವ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಕಸುಬಿನ ಜನರು ಅನುಭವದ ಮಾತಿಗೆ ಒಡೆಯರಾದರು. ಇಂದು ಕ್ಷೌರಿಕ ವೃತ್ತಿಯ ಸಮುದಾಯವೊಂದು ತನ್ನ ಮೂಲಪುರುಷನೆಂದು ಗೌರವಿಸುವ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತನಾಗಿದ್ದದ್ದೂ ಅಲ್ಲಿಯೇ. ಎರಡು ಚಳುವಳಿಗಳ ನಡುವೆ ಸುಮಾರು ಐದು ಶತಮಾನಗಳ ಅಂತರವಿದೆ, ನೇರ ಸಂಬಂಧವನ್ನು ಕಲ್ಪಿಸುವುದು ಅವಸರದ ಕೆಲಸವಾದೀತು. ಆದರೆ ಸಾದೃಶ್ಯದ ಜತೆಗೆ ಭಿನ್ನತೆಯನ್ನೂ ಗುರುತಿಸುವುದು ತೌಲನಿಕ ಅಧ್ಯಯನಕ್ಕೆ ಉಪಯುಕ್ತ. ಶರಣರು ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದರು, ಖಾಲ್ಸಾದವರು ಕಿರ್ಪಾನನ್ನು ಧರಿಸಿದರು. ಎರಡೂ ಕಡೆ ದೇಹವೇ ನಂಬಿಕೆಯ ನೆಲೆಯಾಯಿತು, ದೇಹವೇ ಜಾತಿಯನ್ನು ಮೀರುವ ಪ್ರಯೋಗಶಾಲೆಯಾಯಿತು. ಮುಂದೆ ಎರಡೂ ಕಡೆ ಜಾತಿ ಹಿಂಬಾಗಿಲಿನಿಂದ ಮರಳಿ ಬಂದದ್ದೂ ಈ ಹೋಲಿಕೆಯ ಒಂದು ಭಾಗವೇ.

4

ಜಾತಿ ಮರಳಿ ಬಂದ ಬಾಗಿಲುಗಳಲ್ಲಿ ವಸಾಹತುಶಾಹಿಯ ಸೈನ್ಯ ಬಹು ದೊಡ್ಡದು. ಎರಡು ಆಂಗ್ಲೋ-ಸಿಖ್ ಯುದ್ಧಗಳ ನಂತರ 1849ರಲ್ಲಿ ಪಂಜಾಬ್ ಬ್ರಿಟಿಷರ ವಶವಾಯಿತು. ಸೋತ ಸೈನ್ಯವನ್ನು ವಿಸರ್ಜಿಸಲಾಯಿತು, ಜನರಿಂದ ಆಯುಧಗಳನ್ನು ಕಸಿದುಕೊಳ್ಳಲಾಯಿತು. 1857ರ ಬಂಡಾಯದ ಬಳಿಕ ಅದೇ ಆಡಳಿತ ಅದೇ ಜನರನ್ನು ದೊಡ್ಡ ಪ್ರಮಾಣದಲ್ಲಿ ಸೈನ್ಯಕ್ಕೆ ಸೇರಿಸಿಕೊಂಡಿತು. ಇದನ್ನು ಸಮರ್ಥಿಸುವುದಕ್ಕೆ ‘ಯೋಧ ಜನಾಂಗ’ಗಳ ಸಿದ್ಧಾಂತ ಬೆಳೆಯಿತು. ಶೌರ್ಯ ಸಾಧನೆಯಿಂದ ಬರುವ ಗುಣವಲ್ಲ, ರಕ್ತದಿಂದ ಬರುವ ಗುಣ ಎಂಬುದು ಅದರ ತಿರುಳು. 1699ರ ಘಟನೆ ಸಾರಿದ್ದಕ್ಕೆ ಇದು ನೇರವಾಗಿ ವಿರುದ್ಧವಾದ ಮಾತು.

ಇಲ್ಲೊಂದು ವಿರೋಧಾಭಾಸವಿದೆ. ಸಿಖ್ ಪಲ್ಟನ್‌ಗಳಲ್ಲಿ ಸೈನಿಕರು ಕೇಶಧಾರಿಗಳಾಗಿಯೇ ಇರಬೇಕೆಂದು ಬ್ರಿಟಿಷ್ ಅಧಿಕಾರಿಗಳು ಒತ್ತಾಯಿಸಿದರು. ಖಾಲ್ಸಾದ ಬಾಹ್ಯರೂಪವನ್ನು ಕಾಪಾಡಿದವರು ಅದರ ಒಳತಿರುಳನ್ನು ಕೈಬಿಟ್ಟರು. ಸಿಖ್ ರೆಜಿಮೆಂಟ್‌ಗಳು ಮುಖ್ಯವಾಗಿ ಜಾಟ ಸಿಖ್ಖರಿಂದ ಕೂಡಿದ್ದವು. ಭಾಯಿ ಜೈತಾ ಅವರ ಪರಂಪರೆಗೆ ಸೇರಿದ ಮಜ್ಹಬಿ ಸಿಖ್ಖರಿಗೆ ಪಯನಿಯರ್ ದಳಗಳೆಂಬ ಬೇರೆಯೇ ವ್ಯವಸ್ಥೆಯಾಯಿತು. ಒಂದೇ ಪಾತ್ರೆಯಿಂದ ಅಮೃತ ಕುಡಿದವರ ವಂಶಜರು ಬೇರೆ ಬೇರೆ ಪಲ್ಟನ್‌ಗಳಲ್ಲಿ ನಿಂತರು. 1897ರ ಸಾರಾಗಢಿಯ ಕಾಳಗದಲ್ಲಿ 36ನೆಯ ಸಿಖ್ ರೆಜಿಮೆಂಟಿನ 21 ಮಂದಿ ಸೈನಿಕರು ತೋರಿದ ಶೌರ್ಯ ನಿರ್ವಿವಾದ. ಆದರೆ ಆ ಶೌರ್ಯ ಯಾವ ಸಾಮ್ರಾಜ್ಯದ ಗಡಿಯನ್ನು ಕಾಯುತ್ತಿತ್ತು ಎಂಬ ಪ್ರಶ್ನೆಯನ್ನು ಇತ್ತೀಚಿನ ವೈಭವೀಕರಣಗಳು ಕೇಳುವುದಿಲ್ಲ.

ಕೋಲು ಮತ್ತು ಸಣ್ಣ ಗುರಾಣಿಯನ್ನು ಹಿಡಿದು ಆಡುವ ಗತ್ಕಾ ಈ ಕಾಲದಲ್ಲಿ ಮುನ್ನೆಲೆಗೆ ಬಂದಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಖಡ್ಗದ ಅಭ್ಯಾಸಕ್ಕೆ ಪೂರ್ವಸಿದ್ಧತೆಯಾಗಿದ್ದ ಕೋಲು, ಖಡ್ಗಕ್ಕೆ ನಿರ್ಬಂಧ ಬಂದಾಗ ತಾನೇ ಒಂದು ಸ್ವತಂತ್ರ ಕಲೆಯಾಯಿತು. ಕನ್ನಡದ ಕತ್ತಿವರಸೆ, ದೊಣ್ಣೆವರಸೆಗಳನ್ನು ಬಲ್ಲವರಿಗೆ ಈ ಪರಿವರ್ತನೆಯ ಸ್ವರೂಪ ಸುಲಭವಾಗಿ ಅರ್ಥವಾದೀತು. ಈ ಕಲೆಯ ಜೀವಾಳ ಪೈಂತರಾ, ಅಂದರೆ ಹೆಜ್ಜೆಯ ವರಸೆ. ಕೈಯಲ್ಲಿ ಕೋಲಿರಲಿ, ಖಡ್ಗವಿರಲಿ, ಬರ್ಚಿಯಿರಲಿ, ಹೆಜ್ಜೆ ಒಂದೇ. ಆಯುಧ ಕಳೆದುಹೋದರೂ ಹೆಜ್ಜೆ ಉಳಿಯುತ್ತದೆ. ನಿಹಂಗರ ದಳಗಳು ಇಂಥ ಅಭ್ಯಾಸವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವು. 18ನೆಯ ಶತಮಾನದ ಆರಂಭದಲ್ಲಿ ಗುರು ಗೋಬಿಂದ್ ಸಿಂಗ್ ಅವರು ಆನಂದಪುರದಲ್ಲಿ ಆರಂಭಿಸಿದರೆನ್ನಲಾದ ಹೋಲಾ ಮೊಹಲ್ಲಾ, ಹೋಳಿಯ ಮರುದಿನದ ಅಣಕುಯುದ್ಧ ಮತ್ತು ಕುದುರೆಸವಾರಿಗಳ ಉತ್ಸವವಾಗಿ ಇಂದಿಗೂ ನಡೆದುಬಂದಿದೆ.

ವಸಾಹತುಶಾಹಿ ಕಟ್ಟಿದ ಯೋಧನ ಚಿತ್ರಕ್ಕೆ ಅತ್ಯಂತ ಸಮರ್ಥವಾದ ಉತ್ತರ ಬಂದದ್ದು 1922ರಲ್ಲಿ, ಅಮೃತಸರದ ಸಮೀಪದ ಗುರು ಕಾ ಬಾಗ್‌ನಲ್ಲಿ. ಮಹಂತನ ಹಿಡಿತದಲ್ಲಿದ್ದ ಜಮೀನಿನಿಂದ ಲಂಗರಿಗೆ ಸೌದೆ ಕಡಿದರೆಂಬುದೇ ಆ ಸಂಘರ್ಷಕ್ಕೆ ನೆಪ. ಅಕಾಲಿಗಳು ಅಕಾಲ್ ತಖ್ತ್‌ನಲ್ಲಿ ಅಹಿಂಸೆಯ ಪ್ರತಿಜ್ಞೆ ಮಾಡಿ ದಿನದಿನವೂ ತಂಡ ತಂಡವಾಗಿ ಹೋದರು. ಪೋಲೀಸರ ಲಾಠಿಯೇಟುಗಳಿಗೆ ಕೈಯೆತ್ತದೆ ಮೈಯೊಡ್ಡಿದರು. ಅವರಲ್ಲಿ ಸೈನ್ಯದಲ್ಲಿ ದುಡಿದು ಬಂದವರೂ ಇದ್ದರು. ಸಿ.ಎಫ್. ಆಂಡ್ರೂಸ್ ಅವರು ಈ ದೃಶ್ಯವನ್ನು ಕಣ್ಣಾರೆ ಕಂಡು ಲೋಕಕ್ಕೆ ತಿಳಿಸಿದರು. ಹೊಡೆಯಬಲ್ಲವನು ಹೊಡೆಯದೆ ನಿಂತದ್ದು ಸಮರ ಪರಂಪರೆಯ ನಿರಾಕರಣೆಯಲ್ಲ, ಅದರ ಫಲಿತ. ಶಸ್ತ್ರಾಭ್ಯಾಸದ ಅಂತಿಮ ಪರೀಕ್ಷೆ ಶಸ್ತ್ರವನ್ನು ಒರೆಯಲ್ಲಿಯೇ ಉಳಿಸಿಕೊಳ್ಳುವುದರಲ್ಲಿ ಇದೆ ಎಂಬುದನ್ನು ಗುರು ಕಾ ಬಾಗ್ ತೋರಿಸಿತು. ಈ ಚಳುವಳಿಗಳ ಫಲವಾಗಿ 1925ರಲ್ಲಿ ಗುರುದ್ವಾರಗಳ ಕಾಯಿದೆ ಬಂದಿತು.

5

ಸ್ವಾತಂತ್ರ್ಯೋತ್ತರ ಭಾರತದ ಸಂವಿಧಾನ 25ನೆಯ ಅನುಚ್ಛೇದದ ವಿವರಣೆಯಲ್ಲಿ ಕಿರ್ಪಾನ್ ಧರಿಸುವುದನ್ನು ಸಿಖ್ ಧರ್ಮಾಚರಣೆಯ ಅಂಗವೆಂದು ಒಪ್ಪಿಕೊಂಡಿತು. ಕಾಗದದ ಮೇಲಿನ ಈ ಮನ್ನಣೆ ಬೀದಿಯಲ್ಲಿ ಸದಾ ರಕ್ಷಣೆಯಾಗಲಿಲ್ಲ. 1984ರ ನವೆಂಬರಿನಲ್ಲಿ ದೆಹಲಿ ಮತ್ತಿತರ ಕಡೆಗಳಲ್ಲಿ ನಡೆದ ಹತ್ಯಾಕಾಂಡದಲ್ಲಿ ಪೇಟ ಮತ್ತು ಗಡ್ಡಗಳೇ ಕೊಲ್ಲುವವರಿಗೆ ಗುರುತಾದವು. ಪ್ರಾಣ ಉಳಿಸಿಕೊಳ್ಳಲು ಅನೇಕರು ಕೂದಲು ಕತ್ತರಿಸಿಕೊಳ್ಳಬೇಕಾಯಿತು. 1988ರ ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ಓದುತ್ತಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿಗಳು ನಡೆದು ಜೀವಹಾನಿಯಾಯಿತು. ಸಾಹಿಬ್ ಸಿಂಗ್ ಅವರ ಊರಿನಲ್ಲಿಯೇ ಸಾಹಿಬ್ ಸಿಂಗ್ ಅವರ ಗುರುತು ಧರಿಸಿದ ಯುವಕರು ಬಲಿಯಾದ ಈ ಘಟನೆ ಕನ್ನಡದ ಸಂಸ್ಕೃತಿ ಚಿಂತನೆಯಲ್ಲಿ ಪಡೆಯಬೇಕಾದ ಸ್ಥಾನವನ್ನು ಪಡೆದಿಲ್ಲ. ದೇಶದ ಹೊರಗೂ ಇದೇ ಕತೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ಕೆಲವೇ ದಿನಗಳಲ್ಲಿ ಅರಿಜೋನಾದ ಮೆಸಾದಲ್ಲಿ ಪೇಟ ಧರಿಸಿದ ಸಿಖ್ ಒಬ್ಬರನ್ನು ಗುಂಡಿಕ್ಕಿ ಕೊಲ್ಲಲಾಯಿತು. 2012ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದೊಳಗೆ ನುಗ್ಗಿದ ಬಂದೂಕುಧಾರಿ ಆರು ಜನರನ್ನು ಕೊಂದನು. ಗಾಯಗೊಂಡಿದ್ದ ಇನ್ನೊಬ್ಬರು ವರ್ಷಗಳ ನಂತರ ತೀರಿಕೊಂಡರು. ‘ಆಧುನಿಕ ಬದುಕಿನಲ್ಲಿ ಅಸ್ಮಿತೆ’ ಎಂಬ ನುಡಿಗಟ್ಟು ವಿಚಾರಸಂಕಿರಣಗಳಲ್ಲಿ ಹಗುರವಾಗಿ ಬಳಕೆಯಾಗುತ್ತದೆ. ಮೈಮೇಲಿನ ಗುರುತು ಪ್ರಾಣಕ್ಕೆ ಎರವಾಗುವ ಸಮುದಾಯಕ್ಕೆ ಅದು ಹಗುರವಾದ ಮಾತಲ್ಲ.

ಈ ಸನ್ನಿವೇಶದಲ್ಲಿ ಸಮರ ಪರಂಪರೆ ಮೂರು ದಿಕ್ಕುಗಳಲ್ಲಿ ಹರಿದಿದೆ. ಮೊದಲನೆಯದು ನ್ಯಾಯಾಲಯದ ದಿಕ್ಕು. ಕೆನಡಾದ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಶಾಲಾ ಬಾಲಕನೊಬ್ಬನ ಪ್ರಕರಣದಲ್ಲಿ ಕಿರ್ಪಾನ್ ಮೇಲಿನ ಸಂಪೂರ್ಣ ನಿಷೇಧವನ್ನು ರದ್ದುಪಡಿಸಿ, ಅದನ್ನು ಬಟ್ಟೆಯೊಳಗೆ ಭದ್ರವಾಗಿ ಹೊಲಿದು ಧರಿಸುವಂಥ ಷರತ್ತುಗಳೊಡನೆ ಅವಕಾಶ ಕೊಟ್ಟಿತು. ಫ್ರಾನ್ಸ್ 2004ರ ಕಾನೂನಿನ ಮೂಲಕ ಸರಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನೇ ನಿಷೇಧಿಸಿತು. ಇಂಥ ವಾದಗಳಲ್ಲಿ ಕಿರ್ಪಾನ್ ಆಯುಧವೋ ಲಾಂಛನವೋ ಎಂಬ ಪ್ರಶ್ನೆಗೆ ಒಂದೇ ಉತ್ತರವನ್ನು ಬಯಸಲಾಗುತ್ತದೆ. ಲಾಂಛನ ಮಾತ್ರ ಎಂದರೆ ಕಾನೂನಿನ ರಕ್ಷಣೆ ಸಿಗುತ್ತದೆ, ಆದರೆ ಅನ್ಯಾಯದ ಎದುರು ನಿಲ್ಲುವ ಹೊಣೆಯೆಂಬ ಅದರ ಅರ್ಥ ಮಂಕಾಗುತ್ತದೆ. ಆಯುಧವೆಂದರೆ ಅರ್ಥ ಉಳಿಯುತ್ತದೆ, ರಕ್ಷಣೆ ಹೋಗುತ್ತದೆ. ಪರಂಪರೆಯೊಂದನ್ನು ಪ್ರಭುತ್ವದ ಭಾಷೆಗೆ ಅನುವಾದಿಸುವಾಗ ಆಗುವ ನಷ್ಟ ಇದು.

ಎರಡನೆಯದು ಕ್ರೀಡೆಯ ದಿಕ್ಕು. 2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗತ್ಕಾ, ಕಳರಿಪಯಟ್ಟು, ತಾಂಗ್-ತಾ, ಮಲ್ಲಕಂಬ, ಯೋಗಾಸನಗಳಿಗೆ ಸ್ಥಾನ ದೊರೆಯಿತು. ಕೋಲಿನ ಸ್ಪರ್ಶಕ್ಕೆ ಅಂಕ, ಕಾಲಮಿತಿ, ವಯೋವರ್ಗ, ತೀರ್ಪುಗಾರರು ಬಂದರು. ಇದರಿಂದ ಸಿಖ್ಖೇತರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಕೆಯ ಬಾಗಿಲು ತೆರೆದದ್ದು ಸಣ್ಣ ಲಾಭವಲ್ಲ. ಮುಕ್ತಸರದ ಕಾಳಗದಲ್ಲಿ ಖಡ್ಗ ಹಿಡಿದ ಮಾಯಿ ಭಾಗೋ ಅವರನ್ನು ಪಡೆದ ಪರಂಪರೆಗೆ ಹೆಣ್ಣುಮಕ್ಕಳ ಪ್ರವೇಶ ಹೊಸತೂ ಅಲ್ಲ. ಆದರೆ ಅಂಕ ತರುವ ಸ್ಪರ್ಶಕ್ಕೆ ಬೆಲೆ ಹೆಚ್ಚಿದಂತೆ ಅಂಕ ತರದ ಹೆಜ್ಜೆಗೆ ಬೆಲೆ ಕಡಿಮೆಯಾಗುವ ಅಪಾಯವನ್ನು ಅಲ್ಲಗಳೆಯಲಾಗದು.

ಮೂರನೆಯದು ಪ್ರದರ್ಶನದ ದಿಕ್ಕು. ನಗರ ಕೀರ್ತನೆಗಳಲ್ಲಿ, ಉತ್ಸವಗಳ ವೇದಿಕೆಗಳಲ್ಲಿ ಟ್ಯೂಬ್‌ಲೈಟುಗಳನ್ನು ಮೈಮೇಲೆ ಒಡೆದುಕೊಳ್ಳುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನುಷ್ಯನ ಸುತ್ತ ಇಟ್ಟ ತೆಂಗಿನಕಾಯಿಗಳನ್ನು ಒಡೆಯುವುದು ಗತ್ಕಾದ ಹೆಸರಿನಲ್ಲಿ ನಡೆಯುತ್ತದೆ. ನೋಡುವವರ ಉಸಿರು ಬಿಗಿಹಿಡಿಸುವ ಈ ಸಾಹಸಗಳು ಶಸ್ತ್ರವಿದ್ಯೆಯನ್ನು ಸರ್ಕಸ್ಸಿನ ಸಮೀಪಕ್ಕೆ ಒಯ್ಯುತ್ತವೆಂಬ ಆಕ್ಷೇಪ ಸಮುದಾಯದ ಒಳಗಿನಿಂದಲೇ ಬಂದಿದೆ. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗವನ್ನೂ ಜನಪದ ಮೇಳಗಳ ವೇದಿಕೆಗೆ ಬಂದ ವೀರಗಾಸೆ, ಪುರವಂತಿಕೆಗಳನ್ನೂ ಕಂಡ ಕನ್ನಡದ ಸಂಶೋಧಕರಿಗೆ ಈ ಆಕ್ಷೇಪ ಪರಿಚಿತವೇ. ಪುರವಂತನ ಶಸ್ತ್ರ ಅವನ ಒಡಪಿನಿಂದ ಬೇರ್ಪಟ್ಟಾಗ ಏನುಳಿಯುತ್ತದೆಯೋ, ಬಾಣಿಯಿಂದ ಬೇರ್ಪಟ್ಟ ಗತ್ಕಾದಲ್ಲಿಯೂ ಅಷ್ಟೇ ಉಳಿಯುತ್ತದೆ.

6

ಇದರ ಎದುರು ಎರಡು ಬಗೆಯ ಪ್ರತಿಕ್ರಿಯೆಗಳು ಸಾಮಾನ್ಯ. ಪರಂಪರೆಯ ‘ಶುದ್ಧ’ ರೂಪಕ್ಕೆ ಮರಳಬೇಕೆಂಬುದು ಒಂದು. ಪ್ರಜಾಪ್ರಭುತ್ವದಲ್ಲಿ ಖಡ್ಗಕ್ಕೆ ಕೆಲಸವಿಲ್ಲ, ಅದನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಬೇಕೆಂಬುದು ಇನ್ನೊಂದು. ಶುದ್ಧತೆಯ ವಾದಕ್ಕೆ ಚರಿತ್ರೆಯ ಬೆಂಬಲವಿಲ್ಲ. ಮಲ್ಲರ ಅಖಾಡದಿಂದ ಖಾಲ್ಸಾದವರೆಗೆ, ನಿಹಂಗರ ದಳದಿಂದ ಪಲ್ಟನ್ನಿನವರೆಗೆ ಈ ವಿದ್ಯೆ ಸದಾ ಬದಲಾಗುತ್ತಲೇ ಬಂದಿದೆ. ಶುದ್ಧತೆಯ ಹಟ ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ 2021ರ ಅಕ್ಟೋಬರಿನ ಘಟನೆ ಸಾಕ್ಷಿ. ದೆಹಲಿಯ ಗಡಿಯ ಸಿಂಘುವಿನಲ್ಲಿ, ರೈತ ಚಳುವಳಿಯ ಲಂಗರುಗಳು ಸಾವಿರಾರು ಜನರಿಗೆ ಅನ್ನ ನೀಡುತ್ತಿದ್ದ ಸ್ಥಳದಲ್ಲಿಯೇ, ಪವಿತ್ರ ಗ್ರಂಥಕ್ಕೆ ಅಪಚಾರವೆಸಗಿದನೆಂಬ ಆರೋಪದ ಮೇಲೆ ದಲಿತ ಕೂಲಿಕಾರನೊಬ್ಬನನ್ನು ಕ್ರೂರವಾಗಿ ಕೊಲ್ಲಲಾಯಿತು. ನಿಹಂಗ್ ಗುಂಪಿಗೆ ಸೇರಿದ ಕೆಲವರು ಅದರ ಹೊಣೆ ಹೊತ್ತು ಬಂಧಿತರಾದರು. ಆನಂದಪುರದಲ್ಲಿ ಕೆಳಕುಲದವರ ಕೈಗೆ ಬಂದ ಶಸ್ತ್ರ ಸಿಂಘುವಿನಲ್ಲಿ ಕೆಳಕುಲದವನ ಮೇಲೆಯೇ ಎರಗಿತು. ಸಿಪಾಹಿಯು ಸಂತನನ್ನು ಕೈಬಿಟ್ಟಾಗ ಆಗುವುದು ಇದೇ. ಈ ಘಟನೆಯನ್ನು ಬದಿಗಿಟ್ಟು ಪರಂಪರೆಯ ವೈಭವವನ್ನು ಮಾತ್ರ ಬರೆಯುವ ಅಧ್ಯಯನ ಪ್ರಾಮಾಣಿಕವಾಗಲಾರದು.

ವಸ್ತುಸಂಗ್ರಹಾಲಯದ ವಾದವೂ ಅಷ್ಟೇ ಅಪೂರ್ಣ. ಗುರುತಿನ ಕಾರಣಕ್ಕೆ ಕೊಲೆಗಳಾಗುವ ಕಾಲದಲ್ಲಿ, ತನ್ನ ದೇಹವನ್ನು ಭಯವಿಲ್ಲದೆ ಹೊತ್ತು ನಡೆಯುವ ಶಿಕ್ಷಣ ಅಪ್ರಸ್ತುತವೆನ್ನುವುದು ಸುರಕ್ಷಿತರ ಮಾತು. ಬ್ರಿಟನ್ನಿನಲ್ಲೋ ಕೆನಡಾದಲ್ಲೋ ವಾರಾಂತ್ಯದಲ್ಲಿ ಗುರುದ್ವಾರದ ಅಂಗಳಕ್ಕೆ ಬಂದು ಪೈಂತರಾ ಕಲಿಯುವ ಬಾಲಕಿ ಯುದ್ಧಕ್ಕೆ ಸಿದ್ಧಳಾಗುತ್ತಿಲ್ಲ. ಶಾಲೆಯ ದಾರಿಯಲ್ಲಿ ತಲೆಯೆತ್ತಿ ನಡೆಯುವುದನ್ನು ಅವಳು ಕಲಿಯುತ್ತಿದ್ದಾಳೆ. ಆ ಅಭ್ಯಾಸದ ಜತೆಗೆ ಅವಳಿಗೆ ಗುರುಮುಖಿಯ ಅಕ್ಷರಗಳೂ ಕೀರ್ತನೆಯ ರಾಗಗಳೂ ಲಂಗರಿನಲ್ಲಿ ಬಡಿಸುವ ಕೆಲಸವೂ ದೊರೆತರೆ ಪರಂಪರೆ ತನ್ನ ಪೂರ್ಣತೆಯಲ್ಲಿ ಮುಂದುವರಿದಂತೆ. ಕೋಲು ಒಂದೇ ದೊರೆತರೆ ಅದು ವ್ಯಾಯಾಮ. ಹೀಗಾಗಿ ಅಸ್ಮಿತೆಯನ್ನು ಶಸ್ತ್ರದಲ್ಲಿ ಅಲ್ಲ, ಶಸ್ತ್ರವನ್ನು ಶಬ್ದಕ್ಕೂ ಪಂಕ್ತಿಗೂ ಜೋಡಿಸುವ ಸಂಬಂಧದಲ್ಲಿ ಹುಡುಕಬೇಕಾಗುತ್ತದೆ. ಆ ಸಂಬಂಧ ಕಡಿದಲ್ಲೆಲ್ಲ, ಅದು ಪಲ್ಟನ್ ಇರಲಿ, ವೇದಿಕೆಯಿರಲಿ, ಗುಂಪುಹತ್ಯೆಯಿರಲಿ, ಪರಂಪರೆಯ ಹೆಸರು ಉಳಿದು ತಿರುಳು ಹೋಗುತ್ತದೆ.

ಕನ್ನಡದ ಸಂಶೋಧನೆಗೆ ಈ ಚರ್ಚೆಯಿಂದ ಒಂದು ಕರ್ತವ್ಯ ಒದಗುತ್ತದೆ. ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಬಂದು ನೀರಿನ ಸೆಲೆ ತೆರೆದರೆಂದು ನಂಬಲಾಗುವ ಬೀದರಿನ ಗುರುನಾನಕ್ ಝೀರಾ, ಮಾಯಿ ಭಾಗೋ ತಮ್ಮ ಕೊನೆಯ ದಿನಗಳನ್ನು ಕಳೆದರೆಂದು ಹೇಳಲಾಗುವ ಸಮೀಪದ ಜನವಾಡ, ಗುರು ಗೋಬಿಂದ್ ಸಿಂಗ್ ಅವರು 1708ರಲ್ಲಿ ದೇಹ ಬಿಟ್ಟ ಗಡಿಯಾಚೆಯ ನಾಂದೇಡ, ಇವು ಮೂರೂ ಸೇರಿ ದಖ್ಖನಿನ ಒಂದು ಸಿಖ್ ಭೂಪಟ ರೂಪುಗೊಳ್ಳುತ್ತದೆ. ಕನ್ನಡ, ದಖನಿ, ಮರಾಠಿ, ತೆಲುಗು, ಪಂಜಾಬಿ ಭಾಷೆಗಳು ಒಂದರೊಡನೊಂದು ಬೆರೆಯುವ ಈ ಪ್ರದೇಶದ ಮೌಖಿಕ ನೆನಪುಗಳನ್ನು, 1988ರ ನೋವಿನ ನೆನಪನ್ನೂ ಸೇರಿಸಿ, ಸಂಗ್ರಹಿಸುವ ಕೆಲಸ ಕ್ಷೇತ್ರಕಾರ್ಯದ ಶಿಸ್ತಿನಿಂದ ನಡೆಯಬೇಕಾಗಿದೆ. ಆಗ ಸಿಖ್ ಪರಂಪರೆ ಕನ್ನಡಕ್ಕೆ ದೂರದ ಪಂಜಾಬಿನ ವೀರಗಾಥೆಯಾಗಿ ಮಾತ್ರ ಉಳಿಯುವುದಿಲ್ಲ. ಬೀದರಿನಿಂದ ಹೊರಟು ಆನಂದಪುರ ತಲುಪಿ, 1704ರ ಚಮ್‌ಕೌರ್ ಕಾಳಗದಲ್ಲಿ ಮಡಿದರೆಂದು ಹೇಳಲಾಗುವ ಒಬ್ಬ ಕಸುಬುದಾರನ ನಡಿಗೆಯೂ ಈ ನಾಡಿನ ಚರಿತ್ರೆಯ ಭಾಗವೆಂಬುದು ಮನದಟ್ಟಾಗುತ್ತದೆ. ‘ಹುಟ್ಟು ಯೋಧ’ನ ಚಿತ್ರವನ್ನು ಪಕ್ಕಕ್ಕೆ ಸರಿಸಲು ಆ ನಡಿಗೆಯ ಅಧ್ಯಯನಕ್ಕಿಂತ ಉತ್ತಮವಾದ ಆರಂಭ ಬೇರೊಂದಿಲ್ಲ.